ಡೆಕ್ಕಿಗೆ ಅಲಂಕಾರ ಸೇರಿಸುವ ಮುನ್ನ

ಸಂಪಾದಕರಿಗೆ,

ಮಂಗಳೂರು, ಉಡುಪಿ ಕಡೆಯ ಹೊಸ ಮನೆಗಳಲ್ಲಿ ಜಗಲಿಯ ಮುಂದೆ ಮರದ ಹಲಗೆಯ ಡೆಕ್ ಹಾಕಿಸುವುದು ಹೆಚ್ಚಾಗಿದೆ. ಅದಕ್ಕೆ ಪರ್ಗೋಲಾ (ಕಂಬಗಳ ಮೇಲೆ ಪಟ್ಟಿ ಜೋಡಿಸಿದ ಚಪ್ಪರ), ದೀಪ, ಗಿಡದ ತೊಟ್ಟಿ, ಉಯ್ಯಾಲೆಗಳನ್ನು ಮೊಬೈಲಿನಲ್ಲಿ ಚಿತ್ರ ನೋಡಿಯೇ ಆರಿಸುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ನೀರು, ಉಪ್ಪುಗಾಳಿ, ಭಾರ ಈ ಮೂರರ ಲೆಕ್ಕ ಮೊದಲು ಆಗಬೇಕು.

ಹೆಚ್ಚು ಹಣ ವ್ಯರ್ಥವಾಗುವುದು ರೇಲಿಂಗಿನಲ್ಲಿ. ಮಲ್ಪೆ, ಪಡುಬಿದ್ರಿ, ಪಣಂಬೂರಿನಂಥ ಕಡಲಂಚಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಕಂದು ಕಲೆ ಹತ್ತುತ್ತದೆ. 316 ದರ್ಜೆಯಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಅದು ಉಪ್ಪನ್ನು ಚೆನ್ನಾಗಿ ತಾಳುತ್ತದೆ. ನೋಡಲು ಎರಡೂ ಒಂದೇ, ಅಯಸ್ಕಾಂತ ಹಿಡಿದರೂ ವ್ಯತ್ಯಾಸ ತಿಳಿಯದು. ಹಾಗಾಗಿ ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಲೇಬೇಕು. ಮಾಡಿನ ಕೆಳಗಿರುವ ಕಂಬಿಗಳನ್ನು ಮಳೆ ತೊಳೆಯುವುದಿಲ್ಲವಾದ್ದರಿಂದ ಬಯಲಲ್ಲಿರುವುದಕ್ಕಿಂತ ಬೇಗ ಕಲೆಯಾಗುತ್ತವೆ; ಅವನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಸ್ಕ್ರೂ ಹಾಕುವುದಾದರೆ ನಡುವೆ ನೈಲಾನ್ ವಾಶರ್ ಇರಲಿ, ಇಲ್ಲದಿದ್ದರೆ ಉಪ್ಪು ತೇವದಲ್ಲಿ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ರೇಲಿಂಗ್ ಕನಿಷ್ಠ 1 ಮೀಟರ್ ಎತ್ತರವಿರಲಿ, ಕಂಬಿಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರದಿರಲಿ.

ಗಿಡದ ತೊಟ್ಟಿಯ ತೂಕವನ್ನು ಯಾರೂ ಕೇಳುವುದೇ ಇಲ್ಲ. 1 ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ತೊಟ್ಟಿಯ ಮಣ್ಣು ಮಳೆಗೆ ನೆನೆದರೆ 250 ಕಿಲೋ ಮೀರುತ್ತದೆ. ಅದನ್ನು ತೊಲೆಯ ಮೇಲೆಯೇ ಕೂರಿಸಬೇಕು, ಬರೀ ಹಲಗೆಯ ಮೇಲಲ್ಲ. ತಳಕ್ಕೆ 5 ಸೆಂಟಿಮೀಟರ್ ಕಾಲು ಕೊಡದಿದ್ದರೆ ಕೆಳಗಿನ ಹಲಗೆ ಒಣಗದೆ ಕುಂಬಾಗುತ್ತದೆ. ಉಯ್ಯಾಲೆಯ ಕೊಂಡಿ ಪರ್ಗೋಲಾದ ಪಟ್ಟಿಗೆ ಬೇಡವೇ ಬೇಡ. ತೂಗುವಾಗ ಬೀಳುವ ಎಳೆತ ಕೂತವರ ತೂಕಕ್ಕಿಂತ ಹೆಚ್ಚು. ಮುಖ್ಯ ತೊಲೆಗೆ ಆರಪಾರ ಬೋಲ್ಟ್ ಹಾಕಿಸಿ.

ಬರೀ ಪಟ್ಟಿಗಳ ಪರ್ಗೋಲಾ ಜೂನ್ ಮಳೆಗೆ ನಿಲ್ಲುವ ಆಸರೆಯಲ್ಲ. ಗಾಳಿಮಳೆ ಪಡುವಣದಿಂದ ಬರುವುದರಿಂದ ಆ ದಿಕ್ಕಿನ ಮಾಡು ಹೆಚ್ಚು ಚಾಚಿರಬೇಕು, ಇಲ್ಲದಿದ್ದರೆ ಎರಚಲು ಬೆಂಚಿನವರೆಗೂ ಬರುತ್ತದೆ. ಮಾಡಿಗೆ ಹಾಕುವ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಶೀಟಿನ ಯು.ವಿ. (ಬಿಸಿಲಿನ ಅತಿನೇರಳೆ ಕಿರಣ ತಡೆಯುವ) ಲೇಪನವಿರುವ ಮುಖ ಮೇಲಿರಬೇಕು. ಅದು ತಿರುಗುಮುರುಗಾದರೆ ಶೀಟು ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲಿಗೆ ಹಿಗ್ಗಲು ಸ್ಕ್ರೂ ತೂತು 3 ಮಿಲಿಮೀಟರ್ ದೊಡ್ಡದಿರಲಿ. ಮರದ ಕಂಬವನ್ನು ಮಣ್ಣಿನಲ್ಲಿ ಹೂತರೆ ಒರಲೆ ಬಿಡುವುದಿಲ್ಲ, ಕಾಂಕ್ರೀಟಿನಿಂದ 5 ಸೆಂಟಿಮೀಟರ್ ಮೇಲೆ ಲೋಹದ ಶೂ (ಕಂಬದ ಬುಡ ಹಿಡಿಯುವ ಪಾದ) ಮೇಲೆ ನಿಲ್ಲಿಸಿ.

ದೀಪಗಳು 12 ವೋಲ್ಟಿನವು ಸಾಕು. ಧೂಳು, ನೀರು ಒಳಹೋಗದಂತೆ ತಡೆಯುವ ಐಪಿ ದರ್ಜೆ ನೆಲದಲ್ಲಿ ಹುದುಗಿಸುವುದಕ್ಕೆ ಐಪಿ67, ಗೋಡೆಯದಕ್ಕೆ ಐಪಿ65 ಇರಲಿ. ಕೆಡುವುದು ಹೆಚ್ಚಾಗಿ ದೀಪವಲ್ಲ, ಟೇಪ್ ಸುತ್ತಿದ ವಯರಿನ ಜೋಡಣೆ. ಜೆಲ್ ತುಂಬಿದ ಕನೆಕ್ಟರ್ ಬಳಸಿ. ಟ್ರಾನ್ಸ್‌ಫಾರ್ಮರ್ ಒಳಗಿರಲಿ, ಆ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇರಲೇಬೇಕು.

ಇನ್ನು ಡೆಕ್ಕಿನ ತಳ. ಹಲಗೆಗಳ ನಡುವೆ 5–6 ಮಿಲಿಮೀಟರ್ ಸಂದು, ಕೆಳಗಿನ ನೆಲಕ್ಕೆ ಮನೆಯಿಂದ ಹೊರಕ್ಕೆ ಇಳಿಜಾರು, ತರಗೆಲೆ ತೆಗೆಯಲು ಬಿಚ್ಚಬಹುದಾದ ಒಂದು ಪ್ಯಾನೆಲ್ ಇರಬೇಕು. ಅಲ್ಲಿ ನೀರು ಒಂದು ವಾರ ನಿಂತರೆ ಸೊಳ್ಳೆ ಹುಟ್ಟುತ್ತದೆ. ಮಲೇರಿಯಾ, ಡೆಂಗಿ ಕಾಡುವ ನಮ್ಮ ಊರುಗಳಲ್ಲಿ ಇದು ಅಕ್ಕಪಕ್ಕದ ಮನೆಯವರ ಆರೋಗ್ಯದ ವಿಷಯವೂ ಹೌದು.

ಮನೆಯ ನಕ್ಷೆ ಮಾಡಿಕೊಡುವ ಎಂಜಿನಿಯರುಗಳು ಡೆಕ್ಕಿನ ತೊಲೆಯ ಅಳತೆ, ಸ್ಟೀಲಿನ ದರ್ಜೆ, ನೀರು ಹೋಗುವ ದಾರಿಯನ್ನು ನಕ್ಷೆಯಲ್ಲೇ ಬರೆದುಕೊಡಬೇಕು ಮತ್ತು ಫ್ಯಾಬ್ರಿಕೇಶನ್ ಅಂಗಡಿಯವರು ಕೊಟೇಶನ್‌ನಲ್ಲೇ ದರ್ಜೆ ನಮೂದಿಸಬೇಕು ಎಂದು ನಮ್ಮ ವಿನಂತಿ.

– ಮನೆ ನಿರ್ಮಾಣ ವೃತ್ತಿಯವರು, ಉಡುಪಿ