ಕ್ರ್ಯಾಕ್ ಹಾಕೋಕೆ ಮುಂಚೆ ಆಂಟಿವೈರಸ್ ಯಾಕೆ ಆಫ್ ಮಾಡ್ತಾರೆ?

ಸಂಪಾದಕರಿಗೆ ನಮಸ್ಕಾರ,

ರಾನ್ಸಮ್‌ವೇರ್, ಅಂದ್ರೆ ಕಂಪ್ಯೂಟರ್‌ನಲ್ಲಿರೋ ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸೋಕೆ ದುಡ್ಡು ಕೇಳೋ ವೈರಸ್, ಅದ್ರ ಬಗ್ಗೆ ಪೇಪರ್‌ನಲ್ಲಿ ಬರೋದೆಲ್ಲ ದೊಡ್ಡ ಜಾಗದ ಸುದ್ದಿ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್ ಸರ್ವರ್ ಕೂತ್ಕೊಂಡು ಎಷ್ಟೋ ದಿನ ಎಲ್ಲಾನೂ ಕೈಯಲ್ಲೇ ಬರೀಬೇಕಾಯ್ತು, 2024ರ ಜುಲೈ ಕೊನೇಲಿ ಸಿ-ಎಡ್ಜ್ ಅನ್ನೋ ಕಂಪನಿಗೆ ಹೊಡೆತ ಬಿದ್ದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪೇಮೆಂಟ್ ನಿಂತೋಯ್ತು, ಇಂಥವು. ಇದನ್ನೆಲ್ಲ ಓದಿದ ಜನ ಏನಂದ್ಕೋತಾರೆ ಅಂದ್ರೆ ಇದು ದೊಡ್ಡೋರ ತಲೆನೋವು, ನಮ್ಮನೆ ಕಂಪ್ಯೂಟರ್‌ನಲ್ಲಿ ಮಕ್ಕಳ ಫೋಟೋ, ಮದುವೆ ವಿಡಿಯೋ, ನಾಲ್ಕು ಎಕ್ಸೆಲ್ ಶೀಟ್ ಬಿಟ್ರೆ ಏನಿದೆ, ಅದಕ್ಕೆ ಯಾರು ಬರ್ತಾರೆ ಅಂತ. ನಾನು ಕಂಪ್ಯೂಟರ್ ರಿಪೇರಿ ಲೈನಿನೋನು. ನಮ್ಮ ಟೇಬಲ್ ಮೇಲೆ ಬರೋ ಸಿಪಿಯು ನೋಡಿದ್ರೆ ಗೊತ್ತಾಗುತ್ತೆ, ಮನೆಗೂ ಬರ್ತಾರೆ, ಆದ್ರೆ ಯಾರೂ ನುಗ್ಗಿ ಬರಲ್ಲ, ನಾವೇ ಕರ್ಕೊಂಡು ಬರ್ತೀವಿ.

ಮನೆ ಕಂಪ್ಯೂಟರ್‌ಗಳಿಗೆ ಜಾಸ್ತಿ ಹೊಡೆದಿರೋದು ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯೋ ಜಾತಿಯದ್ದು. ಎಲ್ಲಾ ಫೈಲ್ ಹೆಸರಿನ ಕೊನೇಲಿ ಅರ್ಥ ಇಲ್ಲದ ನಾಲ್ಕಕ್ಷರ ಸೇರ್ಕೊಂಡಿರುತ್ತೆ, ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಟೆಕ್ಸ್ಟ್ ಫೈಲು, ಅದ್ರಲ್ಲಿ 980 ಡಾಲರ್ ಕೊಡಿ, 72 ಗಂಟೆ ಒಳಗೆ ಬಂದ್ರೆ ಅರ್ಧ ರೇಟು 490 ಅಂತ, ಸೀರೆ ಅಂಗಡಿ ಆಫರ್ ತರ. ಅರ್ಧ ರೇಟೇ ನಮ್ಮ ಲೆಕ್ಕಕ್ಕೆ 40 ಸಾವಿರ ದಾಟುತ್ತೆ, ಎಷ್ಟೋ ಸಲ ಆ ಕಂಪ್ಯೂಟರೇ ಅಷ್ಟು ಬೆಲೆ ಬಾಳಲ್ಲ.

ಇದು ಬರೋ ದಾರಿ ಮುಖ್ಯವಾಗಿ ಕ್ರ್ಯಾಕ್ ಸಾಫ್ಟ್‌ವೇರು, ಅಂದ್ರೆ ದುಡ್ಡು ಕೊಡದೆ ಓಡೋ ಹಾಗೆ ಲೈಸೆನ್ಸ್ ಬೀಗ ಮುರಿದಿರೋದು. ಫೋಟೋಶಾಪ್ ಫ್ರೀ, ಆಫೀಸ್ ಫ್ರೀ, ಗೇಮ್ ಫ್ರೀ, ವಿಂಡೋಸ್ ಆಕ್ಟಿವೇಟರ್ ಅಂತ ಹುಡುಕಿ ಇಳಿಸ್ಕೋತಾರಲ್ಲ ಅದು. ಆ ಫೈಲ್ ಜೊತೆ ಒಂದು ಸೂಚನೆ ಇದ್ದೇ ಇರುತ್ತೆ, ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ. ಜನ ಹೇಳಿದ ಹಾಗೇ ಆಫ್ ಮಾಡ್ತಾರೆ, ಯಾಕಂದ್ರೆ ಕ್ರ್ಯಾಕ್ ಅಂದ್ರೆ ಆಂಟಿವೈರಸ್ ಸುಮ್‌ಸುಮ್ನೆ ಕಿರುಚುತ್ತೆ ಅಂತ ಎಲ್ರೂ ನಂಬಿದಾರೆ. ಕಳ್ಳನಿಗೆ ಬೇಕಾಗಿದ್ದೂ ಅದೇ. ಆಮೇಲೆ ಸ್ಕ್ರೀನ್ ಮೇಲೆ ವಿಂಡೋಸ್ ಅಪ್‌ಡೇಟ್ ಆಗ್ತಿದೆ ಅಂತ ಒಂದು ಸುಳ್ಳು ಕಿಟಕಿ ತೋರಿಸಿ ಹಿಂದ್ಗಡೆ ಫೈಲ್‌ಗಳನ್ನ ಎನ್‌ಕ್ರಿಪ್ಟ್ ಮಾಡ್ತಾ, ಅಂದ್ರೆ ಕೀ ಇಲ್ಲದೆ ಓದೋಕಾಗದ ಹಾಗೆ ಬೀಗ ಹಾಕ್ತಾ ಹೋಗುತ್ತೆ, ವಿಂಡೋಸ್ ತಾನೇ ಇಟ್ಕೊಂಡಿರೋ ಹಳೇ ನಕಲು, ಶ್ಯಾಡೋ ಕಾಪಿನೂ ಅಳಿಸುತ್ತೆ, ಸಹಾಯ ಸಿಗೋ ಸೆಕ್ಯುರಿಟಿ ಸೈಟುಗಳು ಓಪನ್ನೇ ಆಗದ ಹಾಗೆ ಬ್ಲಾಕ್ ಮಾಡುತ್ತೆ. ಇದ್ರ ಜೊತೆ ಪಾಸ್‌ವರ್ಡ್ ಕದಿಯೋ ಇನ್ನೊಂದು ಪ್ರೋಗ್ರಾಮ್ ಕೂಡ ಬರೋದುಂಟು, ಇದನ್ನ ಜನ ಮರೆತೇ ಬಿಡ್ತಾರೆ.

ಇಲ್ಲಿ ನಮ್ಮ ಲೈನಿನೋರ ಬಗ್ಗೆನೇ ಹೇಳ್ಬೇಕು, ಬೇಜಾರಾದ್ರೂ ಪರವಾಗಿಲ್ಲ. ಸ್ಲೋ ಆಗಿದೆ ಅಂತ ಲ್ಯಾಪ್‌ಟಾಪ್ ತಂದ್ರೆ ಎಷ್ಟೋ ಅಂಗಡೀಲಿ ಫಾರ್ಮ್ಯಾಟ್ ಹೊಡೆದು ಕ್ರ್ಯಾಕ್ ಮಾಡಿದ ವಿಂಡೋಸ್ ಪ್ರೋ ಹಾಕಿ ಕೊಡ್ತಾರೆ. ಆದ್ರೆ ಅಂಗಡಿಯಿಂದ ವಿಂಡೋಸ್ ಸಮೇತ ಕೊಂಡ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅಸಲಿ ವಿಂಡೋಸ್ ಹೋಮ್ ಲೈಸೆನ್ಸ್ ಮದರ್‌ಬೋರ್ಡ್ ಒಳಗೇ ಇರುತ್ತೆ, ಅದೇ ಹೋಮ್ ವರ್ಷನ್ ಮತ್ತೆ ಹಾಕಿದ್ರೆ ನೆಟ್ ಕೊಟ್ಟ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ, ಒಂದು ಪೈಸಾ ಖರ್ಚಿಲ್ಲ. ದುಡ್ಡು ಕೊಟ್ಟು ತಗೊಂಡಿರೋ ಅಸಲಿ ಮಾಲು ಕಿತ್ತು ಹಾಕಿ ಕದ್ದ ಮಾಲು ಹಾಕಿ ಅದಕ್ಕೂ ಚಾರ್ಜ್ ಮಾಡೋದು ಯಾವ ನ್ಯಾಯ. ಅದ್ರ ಮೇಲೆ ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಆಫ್, ಅಪ್‌ಡೇಟ್ ಆಫ್. ಗಿರಾಕಿಗೆ ಇದ್ಯಾವ್ದೂ ಗೊತ್ತೇ ಇರಲ್ಲ.

ಡಿಟಿಪಿಯೋರ ಕಷ್ಟ ಬೇರೆ, ಅದು ನಂಗೆ ಅರ್ಥ ಆಗುತ್ತೆ. ಪುಟ ಜೋಡಿಸೋ ಪೇಜ್‌ಮೇಕರ್ ಸಾಫ್ಟ್‌ವೇರಿನ ಕೊನೇ ವರ್ಷನ್ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ದುಡ್ಡು ಕೊಡ್ತೀನಿ ಅಂದ್ರೂ ಈಗ ಮಾರೋರಿಲ್ಲ, ಹಳೇ ಕನ್ನಡ ಫಾಂಟ್‌ನಲ್ಲಿ ಮಾಡಿಟ್ಟ ಲಗ್ನಪತ್ರಿಕೆ ಪುಸ್ತಕ ಎಲ್ಲಾ ಅದ್ರಲ್ಲೇ ಇದೆ. ಅಂಥೋರಿಗೆ ನಾನು ಹೇಳೋದು ಇಷ್ಟೆ, ಆ ಸಿಸ್ಟಮ್‌ಗೆ ನೆಟ್ ಕೊಡ್ಲೇಬೇಡಿ, ಮೇಲ್ ನೋಡೋಕೆ ಇನ್ನೊಂದು ಇಟ್ಕೊಳ್ಳಿ, ಮಧ್ಯೆ ಓಡಾಡೋ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ. ಹೊಸ ಕೆಲಸಕ್ಕಾದ್ರೆ ಕನ್ನಡ ಟೈಪ್ ಮಾಡೋ ನುಡಿ ಫ್ರೀ ಇದೆ, ಲಿಬ್ರೆ ಆಫೀಸ್ ಫ್ರೀ ಇದೆ, ಯುನಿಕೋಡ್ ಕನ್ನಡ ಚೆನ್ನಾಗೇ ಬರುತ್ತೆ, ಕ್ರ್ಯಾಕ್ ಹುಡುಕೋ ಅಗತ್ಯ ಏನಿದೆ.

ಅಪ್‌ಡೇಟ್ ಯಾಕೆ ಅಂತ ಕೇಳೋರಿಗೆ 2017ರ ವಾನ್ನಕ್ರೈ ಅನ್ನೋ ರಾನ್ಸಮ್‌ವೇರ್ ಸಾಕು. ಮೇ 12ಕ್ಕೆ ಶುರುವಾಗಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್ ಹಾಳು ಮಾಡ್ತು, ಯಾರೂ ಏನೂ ಕ್ಲಿಕ್ ಮಾಡೋದೂ ಬೇಕಿರ್ಲಿಲ್ಲ, ನೆಟ್‌ವರ್ಕ್‌ನಲ್ಲಿ ತಾನೇ ಹರಡ್ತಿತ್ತು. ಆ ತೂತು ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕ್ಕೊಂಡಿದ್ದೋರಿಗೆ ಆ ದಾರೀಲಿ ಬರ್ಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಇನ್ನೂ ಅದ್ರಲ್ಲೇ ಇರೋರು ಈ ವಿಷಯ ತಲೇಲಿ ಇಟ್ಕೊಳ್ಳಿ.

ವಿಂಡೋಸ್ ಜೊತೆ ಬರೋ ಡಿಫೆಂಡರ್ ಮನೆಗೆ ಸಾಕು ಅಂತ ನನ್ನ ಅಭಿಪ್ರಾಯ, ಆಫ್ ಮಾಡದೇ ಇದ್ರೆ. ಅದ್ರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದಿದೆ, ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್ ಮುಟ್ಟೋಕೆ ಬಿಡಲ್ಲ, ಆದ್ರೆ ನಾವೇ ಹುಡುಕಿ ಆನ್ ಮಾಡ್ಬೇಕು. ಒಂದೊಂದ್ಸಲ ಒಳ್ಳೇ ಪ್ರೋಗ್ರಾಮನ್ನೂ ತಡೆದು ಕಿರಿಕಿರಿ ಮಾಡುತ್ತೆ, ಆಗ ಆ ಒಂದಕ್ಕೆ ಪರ್ಮಿಷನ್ ಕೊಟ್ರಾಯ್ತು. ಫೈಲ್ ಎಕ್ಸ್‌ಟೆನ್ಷನ್, ಅಂದ್ರೆ ಹೆಸರಿನ ಕೊನೇ ಭಾಗ, ಕಾಣೋ ಹಾಗೂ ಮಾಡ್ಕೊಳ್ಳಿ, ಇನ್‌ವಾಯ್ಸ್ ಡಾಟ್ ಪಿಡಿಎಫ್ ಅಂತ ಕಾಣೋದ್ರ ಕೊನೇಲಿ ಡಾಟ್ ಇಎಕ್ಸ್‌ಇ ಅಡಗಿರಬಹುದು, ಆಗ ಅದು ಡಾಕ್ಯುಮೆಂಟ್ ಅಲ್ಲ, ಪ್ರೋಗ್ರಾಮ್.

ಆದ್ರೆ ಇದೆಲ್ಲಾ ಒಂದು ಕಡೆ, ಬ್ಯಾಕಪ್ ಇನ್ನೊಂದು ಕಡೆ. ಬ್ಯಾಕಪ್ ಇದೆ ಸಾರ್ ಅಂತಾರೆ, ನೋಡಿದ್ರೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ವರ್ಷಪೂರ್ತಿ ಯುಎಸ್‌ಬಿಗೆ ಹಾಕೇ ಇರುತ್ತೆ, ಸಿ ಡ್ರೈವ್ ಜೊತೆ ಅದೂ ಎನ್‌ಕ್ರಿಪ್ಟ್ ಆಗಿರುತ್ತೆ. ಡಿ ಡ್ರೈವ್‌ಗೆ ಕಾಪಿ ಮಾಡಿದ್ದು ಬ್ಯಾಕಪ್ಪೇ ಅಲ್ಲ. ಕಾಪಿ ಆದ ತಕ್ಷಣ ಡಿಸ್ಕ್ ಕಿತ್ತು ಬೀರುವಿನಲ್ಲಿ ಇಡಿ. ಗೂಗಲ್ ಡ್ರೈವ್ ಇದೆ ಅನ್ನೋರಿಗೆ, ಸಿಂಕ್ ಇದ್ರೆ ಹಾಳಾದ ಫೈಲೂ ಅಲ್ಲಿಗೆ ಹೋಗುತ್ತೆ, ಹಳೇ ವರ್ಷನ್ ಸಾಮಾನ್ಯವಾಗಿ 30 ದಿನ ಮಾತ್ರ ಇಟ್ಟಿರುತ್ತೆ, ಅಷ್ಟರೊಳಗೆ ವಾಪಸ್ ತಗೋಬೇಕು.

ಸರಿ, ಹೊಡೆದೇ ಬಿಡ್ತು ಅಂದ್ರೆ? ಮೊದಲು ನೆಟ್ ಕೀಳಿ, ಚುಚ್ಚಿರೋ ಡಿಸ್ಕ್ ಪೆನ್‌ಡ್ರೈವ್ ಕೀಳಿ, ಕಣ್ಣೆದುರಿಗೇ ಫೈಲ್ ಹೆಸರು ಬದಲಾಗ್ತಾ ಇದ್ರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಗಾಬರಿಗೆ ತಕ್ಷಣ ಫಾರ್ಮ್ಯಾಟ್ ಮಾಡಿಸ್ಬೇಡಿ, ಎಷ್ಟೋ ಜನ ಇಲ್ಲೇ ಎಡವೋದು. ಎನ್‌ಕ್ರಿಪ್ಟ್ ಆದ ಫೈಲು, ಆ ರೀಡ್‌ಮಿ ಚೀಟಿ ಎರಡೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ಇಟ್ಕೊಳ್ಳಿ. ಯಾಕಂದ್ರೆ ಕೀ ಆಮೇಲೆ ಸಿಗೋದುಂಟು, ಶೇಡ್ ಅನ್ನೋ ರಾನ್ಸಮ್‌ವೇರ್ ಮಾಡಿದೋರು 2020ರಲ್ಲಿ ಅಂಗಡಿ ಮುಚ್ಚಿ ಏಳೂವರೆ ಲಕ್ಷ ಕೀ ತಾವೇ ಹೊರಗೆ ಬಿಟ್ರು, ಫೈಲ್ ಇಟ್ಕೊಂಡಿದ್ದೋರಿಗೆ ವಾಪಸ್ ಬಂತು, ಅಳಿಸಿದೋರಿಗೆ ಏನೂ ಇಲ್ಲ. ನೋ ಮೋರ್ ರಾನ್ಸಮ್ ಅಂತ ಸೈಟ್ ಇದೆ, ನೆದರ್ಲೆಂಡ್ಸ್ ಪೊಲೀಸ್, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಎಲ್ಲಾ ಸೇರಿ 2016ರಲ್ಲಿ ಮಾಡಿದ್ದು, ಒಂದು ಹಾಳಾದ ಫೈಲೂ ಆ ಚೀಟಿನೂ ಅಪ್‌ಲೋಡ್ ಮಾಡಿದ್ರೆ ಯಾವ ಜಾತಿ, ಬಿಡಿಸೋ ಟೂಲ್ ಇದೆಯಾ ಅಂತ ಹೇಳುತ್ತೆ, ದುಡ್ಡಿಲ್ಲ.

ಸ್ಟಾಪ್ ಜಾತಿಗೆ ಎಮ್ಸಿಸಾಫ್ಟ್ ಅನ್ನೋ ಕಂಪನಿಯ ಟೂಲ್ 2019ರಿಂದ ಇದೆ. ಎಲ್ಲಾದಕ್ಕೂ ಕೆಲಸ ಮಾಡಲ್ಲ. ಎನ್‌ಕ್ರಿಪ್ಟ್ ಮಾಡೋ ಹೊತ್ತಲ್ಲಿ ಅದಕ್ಕೆ ಅದ್ರ ಸರ್ವರ್ ಸಿಗದೇ ಇದ್ರೆ ತನ್ನೊಳಗಿರೋ ಒಂದೇ ಆಫ್‌ಲೈನ್ ಕೀ ಬಳಸುತ್ತೆ, ಅಂಥದ್ದಕ್ಕೆ ಮುಂದೆ ಕೀ ಸಿಗೋ ಚಾನ್ಸ್ ಇದೆ. ಚೀಟೀಲಿರೋ ಪರ್ಸನಲ್ ಐಡಿ ಕೊನೇಲಿ ಟಿ1 ಅಂತ ಇದ್ರೆ ಅದು ಆಫ್‌ಲೈನ್ ಕೀ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಬೇಗ ಮುಗಿಸೋ ಆತುರಕ್ಕೆ ಇದು ಪ್ರತಿ ಫೈಲಿನ ಮೊದಲ 150 ಕೆಬಿ ಅಷ್ಟೇ ಕೆಡಿಸೋದು, ಹಂಗಾಗಿ ದೊಡ್ಡ ವಿಡಿಯೋ, ಹಾಡಿನ ಫೈಲು ರಿಪೇರಿ ಆಗೋ ಸಾಧ್ಯತೆ ಚೆನ್ನಾಗಿದೆ. ವರ್ಡ್ ಫೈಲು, ಸಣ್ಣ ಫೋಟೋ ಕಷ್ಟ. ಅವುಕ್ಕೆ ಮೇಲ್ ಸೆಂಟ್ ಬಾಕ್ಸ್, ವಾಟ್ಸಾಪ್, ಹಳೇ ಫೋನು, ಕ್ಯಾಮೆರಾ ಕಾರ್ಡು ಹುಡುಕಿ, ಎಷ್ಟೋ ಸಿಗುತ್ತೆ.

ದುಡ್ಡು ಕಟ್ಟಬೇಡಿ, ಕಟ್ಟಿದ್ರೂ ಕೀ ಕೊಡ್ತಾರೆ ಅನ್ನೋ ಗ್ಯಾರಂಟಿ ಏನಿಲ್ಲ. ನೂರಕ್ಕೆ ನೂರು ಡಿಕ್ರಿಪ್ಟ್ ಮಾಡಿಕೊಡ್ತೀವಿ ಅಂತ ಆನ್‌ಲೈನ್‌ನಲ್ಲಿ ಬರೋರನ್ನೂ ನಂಬಬೇಡಿ, 2020ರಲ್ಲಿ ಜೋರಾಬ್ ಅನ್ನೋ ಇನ್ನೊಂದು ರಾನ್ಸಮ್‌ವೇರ್ ಸ್ಟಾಪ್ ಬಿಡಿಸೋ ಟೂಲ್ ಅಂತ ವೇಷ ಹಾಕ್ಕೊಂಡು ಬಂದು ಹಾಳಾದ ಫೈಲನ್ನೇ ಎರಡನೇ ಸಲ ಎನ್‌ಕ್ರಿಪ್ಟ್ ಮಾಡ್ತು. ಕಾಪಿ ತೆಗೆದಿಟ್ಟಾದ ಮೇಲೆ ಡಿಸ್ಕ್ ಪೂರ್ತಿ ಅಳಿಸಿ ಅಸಲಿ ವಿಂಡೋಸ್ ಹಾಕಿಸಿ, ಮೇಲ್, ಬ್ಯಾಂಕ್, ಫೇಸ್‌ಬುಕ್ ಪಾಸ್‌ವರ್ಡ್ ಎಲ್ಲಾ ಬೇರೆ ಫೋನಿಂದ ಬದಲಾಯಿಸಿ. ಕಂಪ್ಲೇಂಟ್ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಕೊಡಬಹುದು, ಇಲ್ಲಾ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣೆಗೆ ಹೋಗಬಹುದು, ಬ್ಯಾಂಕ್ ದುಡ್ಡೂ ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಮುಂದಿನ ಸಲ ಎಲ್ಲೋ ಸರ್ವರ್ ಹೊಡೆದ ಸುದ್ದಿ ಹಾಕುವಾಗ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್‌ನಲ್ಲಿ ಫೈಲ್ ಅಳಿಸಬೇಡಿ, ನೋ ಮೋರ್ ರಾನ್ಸಮ್ ನೋಡಿ ಅಂತ ಹಾಕಿ. ಓದುಗರಿಗೂ ಒಂದು ಮಾತು, ರಿಪೇರಿಗೆ ಕೊಟ್ಟಾಗ ಯಾವ ವಿಂಡೋಸ್ ಹಾಕಿದ್ರಿ ಅಂತ ಬಿಲ್‌ನಲ್ಲಿ ಬರೆಸ್ಕೊಳ್ಳಿ, ಡಿಫೆಂಡರ್ ಆನ್ ಇದೆಯಾ ಅಂತ ಅಲ್ಲೇ ಕೌಂಟರ್ ಮುಂದೆ ಓಪನ್ ಮಾಡಿ ತೋರಿಸಿ ಅನ್ನಿ. ಬರೆದುಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ.

ಇಂತಿ,
ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್,
ತುಮಕೂರು