ಇಟಲಿಯ 1946 ಪಾಠದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಮುಸೊಲಿನಿಯ ಪತನದೊಂದಿಗೆ ಇಟಲಿಯ ಕಥೆಯೇ ಮುಗಿಯಿತೆಂಬಂತೆ ನಮ್ಮ ತರಗತಿಗಳಲ್ಲಿ ಪಾಠ ನಿಂತುಬಿಡುವುದು, ಹಾಸನದಲ್ಲಿ ಬಹುಕಾಲ ಇತಿಹಾಸ ಬೋಧಿಸಿದ ನನಗೆ ದೊಡ್ಡ ಕೊರತೆಯಾಗಿ ಕಂಡಿದೆ. 1946ರ ಜೂನ್ 2 ಮತ್ತು 3ರಂದು, ಯುದ್ಧದಲ್ಲಿ ನಲುಗಿದ ಆ ದೇಶದ ಜನ ಅರಸೊತ್ತಿಗೆ ಬೇಕೋ ಗಣರಾಜ್ಯ ಬೇಕೋ ಎಂಬುದನ್ನು ತಾವೇ ಮತ ಹಾಕಿ ತೀರ್ಮಾನಿಸಿದರು. ಗಣರಾಜ್ಯಕ್ಕೆ ಸುಮಾರು 1.27 ಕೋಟಿ, ಅರಸೊತ್ತಿಗೆಗೆ 1.07 ಕೋಟಿ ಮತ ಬಿದ್ದವು. ಆದರೆ ದಕ್ಷಿಣದ ನೇಪಲ್ಸ್ ಭಾರೀ ಬಹುಮತದಿಂದ ರಾಜನ ಪರ ನಿಂತಿತು. ದೊರೆ ಎರಡನೇ ಉಂಬರ್ಟೊ ಜೂನ್ 13ರಂದು ದೇಶ ಬಿಟ್ಟರು, ತಿಂಗಳ ಕೊನೆಗೆ ಎನ್ರಿಕೊ ಡಿ ನಿಕೊಲಾ ತಾತ್ಕಾಲಿಕ ರಾಷ್ಟ್ರಮುಖ್ಯಸ್ಥರಾದರು.

ನನ್ನ ಮನಸ್ಸು ತಟ್ಟಿದ ಸಂಗತಿಯೆಂದರೆ, ರಾಷ್ಟ್ರಮಟ್ಟದಲ್ಲಿ ಹೆಂಗಸರು ಮತ ಚಲಾಯಿಸಿದ್ದು ಅದೇ ಮೊದಲು. ಮತಪತ್ರದ ಅಂಟಿನ ಅಂಚನ್ನು ತುಟಿಯಿಂದ ಒದ್ದೆ ಮಾಡಿ ಮುಚ್ಚಬೇಕಿದ್ದುದರಿಂದ, ಲಿಪ್‌ಸ್ಟಿಕ್ ಗುರುತು ಬಿದ್ದು ಮತ ಅಸಿಂಧುವಾದೀತೆಂದು ಅಲ್ಲಿನ ಪತ್ರಿಕೆಯೊಂದು ಎಚ್ಚರಿಸಿತ್ತು. ಅದರ ಜೊತೆಗೇ ನಡೆದ ಚುನಾವಣೆಯಲ್ಲಿ ಇಟಲಿಯ 556 ಸದಸ್ಯರ ಸಂವಿಧಾನ ಸಭೆಗೆ 21 ಮಹಿಳೆಯರು ಆಯ್ಕೆಯಾದರು. ನಮ್ಮ ಸಂವಿಧಾನ ಸಭೆ ಮೊದಲು ಸೇರಿದ್ದೂ ಅದೇ ವರ್ಷ, ಡಿಸೆಂಬರ್ 9ರಂದು. ಈ ಎರಡನ್ನೂ ಜೊತೆಗಿಟ್ಟು ಮಕ್ಕಳಿಗೆ ಹೇಳುವ ಲೇಖನವೊಂದನ್ನು ತಮ್ಮ ಗಣರಾಜ್ಯೋತ್ಸವ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಹಾಸನ