ಒದೆಯುವ ರಿವಾಲ್ವರ್ ಮತ್ತು ಬೆಚ್ಚುವ ಕೈ: ಮಗನಿಗೊಂದು ಪತ್ರ

ಬೆಳಗಾವಿ
ವಿಜಯದಶಮಿ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡ ಕಾಕಾನ ಆಶೀರ್ವಾದಗಳು.

ನಿನ್ನೆ ಖಂಡೇ ಪೂಜೆಗೆಂದು ಕುಡಗೋಲು, ಕೊಡಲಿಗಳ ಜೊತೆಗೆ ಅಜ್ಜನ ಕಾಲದ ಲೈಸೆನ್ಸಿನ ಜೋಡುನಳಿಗೆ ಬಂದೂಕನ್ನೂ ಒರೆಸಿ ದೇವರ ಮುಂದೆ ಇಡುತ್ತಿದ್ದಾಗ ನಿನ್ನ ಫೋಟೊಗಳು ಬಂದವು. ಗ್ರೀನ್ ಕಾರ್ಡ್ ಬಂದ ಮೇಲೆ ಅರಿಜೋನಾದ ಕಾಯ್ದೆಯಂತೆ ನೀನು ಒಂದು ರಿವಾಲ್ವರ್ ಕೊಂಡಿರುವೆಯೆಂದು ನಿನ್ನ ತಂದೆ ಹೇಳಿದ್ದನು. ಆದರೆ ಅದು ಏಳೂವರೆ ಇಂಚು ನಳಿಗೆಯ ರೂಗರ್ ಸೂಪರ್ ರೆಡ್‌ಹಾಕ್, ಅದೂ .44 ಮ್ಯಾಗ್ನಮ್ ಎಂಬ ಭಾರಿ ಕಾಡತೂಸಿನದು ಎಂಬುದು ಈಗ ತಿಳಿಯಿತು. ಗುರಿ ಕೂಡುತ್ತಿಲ್ಲ, ಕೈಯಲ್ಲಿ ಕಸುವು ಸಾಲದೆನಿಸುತ್ತದೆ, ಜಿಮ್‌ಗೆ ಹೋಗಿ ಮಣಿಕಟ್ಟು ಗಟ್ಟಿ ಮಾಡಿಕೊಳ್ಳಲೇ ಎಂದು ಕೇಳಿರುವೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲ. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ. ನಿಧಾನವಾಗಿ, ಎರಡು ಸಲ ಓದು.

ನಿನ್ನ ಗುರಿಹಾಳೆಯನ್ನು ಮೂರು ಬಾರಿ ದೊಡ್ಡದು ಮಾಡಿ ನೋಡಿದೆ. ಇಪ್ಪತ್ತೈದು ಗಜ ದೂರದಿಂದ ಹೊಡೆದ ಆರು ಗುಂಡುಗಳಲ್ಲಿ ನಾಲ್ಕು ಕಪ್ಪು ವೃತ್ತದ ಕೆಳಗೆ, ಎಡಕ್ಕೆ ಬಿದ್ದಿವೆ. ಈಗ ನೀನೇ ಯೋಚಿಸು. ರಿವಾಲ್ವರ್ ಒದೆದಾಗ ಅದರ ಮೂತಿ ಮೇಲಕ್ಕೆ ಏಳುತ್ತದೆ. ಒದೆತವೇ ನಿನ್ನ ಗುರಿ ಕೆಡಿಸುತ್ತಿದ್ದರೆ ಗುಂಡುಗಳು ಮೇಲೆ ಬೀಳಬೇಕಿತ್ತು, ಕೆಳಗಲ್ಲ. ಮದ್ದು ಹೊತ್ತಿಕೊಂಡ ಮೇಲೆ ಗುಂಡು ನಳಿಗೆಯನ್ನು ಬಿಟ್ಟು ಹೋಗಲು ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಅಷ್ಟರಲ್ಲಿ ಯಾವ ಪೈಲ್ವಾನನ ಕೈಯೂ ಒದೆತಕ್ಕೆ ಉತ್ತರ ಕೊಡಲಾರದು. ಹಾಗಾದರೆ ನಿನ್ನ ಕೈ ಮೂತಿಯನ್ನು ಕೆಳಕ್ಕೆ ಒತ್ತಿದ್ದು ಗುಂಡು ಹಾರುವ ಮೊದಲೇ, ಬರಲಿರುವ ಪೆಟ್ಟನ್ನು ನೆನೆದು. ಬಲಗೈಯವನು ಹೀಗೆ ಬೆಚ್ಚಿ, ಮುಷ್ಟಿ ಬಿಗಿದು, ಟ್ರಿಗರನ್ನು ಕಿತ್ತರೆ ಗುಂಡು ಕೆಳಗೆ ಎಡಕ್ಕೇ ಹೋಗುತ್ತದೆ. ನಿನಗೆ ಬೇಕಾಗಿರುವುದು ಕಸುವಲ್ಲ ಮಗನೇ, ಬೆಚ್ಚದ ಕೈ. ಅದನ್ನು ಜಿಮ್ ಕೊಡುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಇಲ್ಲಿಯ ಮರಾಠಾ ಲೈಟ್ ಇನ್‌ಫ್ಯಾಂಟ್ರಿ ಸೆಂಟರಿನಲ್ಲಿ ನಾನು ರಂಗರೂಟರಿಗೆ, ಅಂದರೆ ಹೊಸ ಸಿಪಾಯಿಗಳಿಗೆ, ಹತ್ಯಾರ ಕಲಿಸುತ್ತಿದ್ದ ದಿನಗಳಲ್ಲಿ, ಸರ್ವಿಸ್ ಹನ್ನೆರಡು ವರ್ಷ ದಾಟಿದ್ದಾಗ, .38 ರಿವಾಲ್ವರಿನಲ್ಲಿ ನನ್ನ ಗುಂಡುಗಳೂ ಹೀಗೆಯೇ ಕೆಳಗೆ ಬೀಳತೊಡಗಿದ್ದವು. ನಾನು ಸೈಟನ್ನು, ಅಂದರೆ ಗುರಿ ನೋಡುವ ಗುಬ್ಬಿಯನ್ನು, ದೂರಿದೆ, ಕಾಡತೂಸನ್ನು ದೂರಿದೆ. ನಮ್ಮ ಉಸ್ತಾದರು ಏನೂ ಹೇಳದೆ ರಿವಾಲ್ವರನ್ನು ನನ್ನಿಂದ ಇಸಿದುಕೊಂಡು, ನನಗೆ ಬೆನ್ನು ಮಾಡಿ ಕಾಡತೂಸು ತುಂಬಿ, ಮರಳಿ ಕೈಗಿಟ್ಟರು. ಎರಡು ಗುಂಡು ಹಾರಿದವು. ಮೂರನೆಯದಕ್ಕೆ ಟ್ರಿಗರ್ ಎಳೆದಾಗ ಬರೀ 'ಟಕ್' ಎಂದಿತು, ಏಕೆಂದರೆ ಸಿಲಿಂಡರಿನ, ಅಂದರೆ ಕಾಡತೂಸು ತುಂಬುವ ತಿರುಗುವ ಉರುಳೆಯ, ಆ ಕೋಣೆಯಲ್ಲಿ ಅವರು ಇಟ್ಟಿದ್ದು ಮದ್ದಿಲ್ಲದ ಡ್ರಿಲ್ ಕಾಡತೂಸು. ಆದರೆ ಆ ನಿಶ್ಶಬ್ದದಲ್ಲಿ ನಳಿಗೆಯ ತುದಿ ಎರಡು ಬೆರಳಿನಷ್ಟು ಕೆಳಕ್ಕೆ ಕುಕ್ಕಿದ್ದನ್ನು ನಾನೂ ಕಂಡೆ, ನನ್ನ ಬೆನ್ನ ಹಿಂದೆ ಸಾಲಾಗಿ ಕುಳಿತಿದ್ದ ರಂಗರೂಟರೂ ಕಂಡರು. ಅಂದಿನ ನಾಚಿಕೆ ಇಂದಿಗೂ ಮರೆತಿಲ್ಲ, ಆದರೆ ಅಂದಿನಿಂದ ನನ್ನ ಕೈ ನೆಟ್ಟಗಾಯಿತು. ನೀನೂ ಹೀಗೆಯೇ ಮಾಡಬೇಕು. ಹಾರಿಸಿದ ಕಾಡತೂಸಿನ ಖಾಲಿ ಕೊಪ್ಪಗಳೇ ಸಾಕು. ಜೊತೆಗಾರನೊಬ್ಬನಿಂದ ಮೂರು ಜೀವಂತ, ಮೂರು ಖಾಲಿ ಎಂದು ಮನಬಂದ ಕ್ರಮದಲ್ಲಿ ತುಂಬಿಸು. ಒಬ್ಬನೇ ಇದ್ದರೆ ತುಂಬಿದ ಮೇಲೆ ಸಿಲಿಂಡರನ್ನು ತಿರುಗಿಸಿ, ನೋಡದೆ ಮುಚ್ಚು. 'ಟಕ್' ಎಂದಾಗ ಮುಂದಿನ ಸೈಟ್ ಇದ್ದಲ್ಲೇ ಇರುವವರೆಗೆ ಇದನ್ನು ಬಿಡಬೇಡ. ಆದರೆ ಜೀವಂತ ಕಾಡತೂಸೇ ಹೊತ್ತದೆ 'ಟಕ್' ಎಂದಿರಲೂಬಹುದಾದ್ದರಿಂದ ಪ್ರತಿ ಸಲವೂ ಮೂತಿಯನ್ನು ಗುರಿಯ ಕಡೆಗೇ ಅರ್ಧ ನಿಮಿಷ ಹಿಡಿದಿದ್ದು, ಆಮೇಲೆ ಸಿಲಿಂಡರ್ ತೆರೆ. ಸದ್ದು ಯಾವಾಗಲಾದರೂ ಪುಸ್ಸೆಂದು ಕ್ಷೀಣವಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಎಲ್ಲ ಕೋಣೆಗಳನ್ನೂ ಖಾಲಿ ಮಾಡಿ, ಗುಂಡು ನಳಿಗೆಯಲ್ಲಿ ಸಿಕ್ಕಿದೆಯೇ ಎಂದು ನೋಡು.

ನನ್ನ ಕೈ ಬೆಚ್ಚಿದ್ದು ಆ ಸಣ್ಣ .38ಕ್ಕೆ, ನೀನು ಹಿಡಿದಿರುವುದು ಬೇರೆಯೇ ಜಾತಿಯದು. ಅದರ ಗುಂಡು ಸಾಮಾನ್ಯವಾಗಿ 240 ಗ್ರೇನ್, ಅಂದರೆ ಹದಿನೈದೂವರೆ ಗ್ರಾಮ್. ವೇಗ ಸೆಕೆಂಡಿಗೆ ನಾನೂರು ಮೀಟರಿಗೂ ಮೇಲೆ. ನಮ್ಮ ಹಳೆಯ .38ಕ್ಕಿಂತ ಅದು ಹಿಂದಕ್ಕೆ ನೂಕುವ ನೂಕು ಎರಡೂವರೆ ಪಟ್ಟಿಗೂ ಹೆಚ್ಚು. ಅಮೆರಿಕದ ಇಡಾಹೋದ ಎಲ್ಮರ್ ಕೀತ್ ಎಂಬ ದನ ಸಾಕುವ ಬೇಟೆಗಾರ .44 ಸ್ಪೆಷಲ್ ಎಂಬ ಹಳೆಯ ಕಾಡತೂಸಿನಲ್ಲಿ ವರ್ಷಗಟ್ಟಲೆ ಹೆಚ್ಚು ಮದ್ದು ತುಂಬಿ ಪರೀಕ್ಷಿಸಿ, ಕಂಪನಿಗಳ ಬೆನ್ನುಹತ್ತಿದ್ದರ ಫಲವಾಗಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಸೇರಿ 1955–56ರಲ್ಲಿ ಈ ಮ್ಯಾಗ್ನಮನ್ನು ಹೊರತಂದವು. ಈ ಹುಟ್ಟಿನ ಕತೆಯಲ್ಲಿ ನಿನಗೊಂದು ಉಪಕಾರವಿದೆ. ಮ್ಯಾಗ್ನಮ್ ಎಂಬುದು ಸ್ಪೆಷಲ್‌ನ ಕೊಪ್ಪವನ್ನೇ ಇಂಚಿನ ಎಂಟನೆಯ ಒಂದು ಭಾಗದಷ್ಟು ಉದ್ದ ಮಾಡಿದ್ದು. ಆದ್ದರಿಂದ ನಿನ್ನ ರಿವಾಲ್ವರಿನಲ್ಲಿ .44 ಸ್ಪೆಷಲ್ ನಿರ್ಬಾಧವಾಗಿ ಹಾರುತ್ತದೆ, ಮತ್ತು ಒಂದೂವರೆ ಕಿಲೋ ತೂಕದ ಆ ಉಕ್ಕಿನಲ್ಲಿ ಅದರ ಒದೆತ ಕರುವಿನ ಗುದ್ದಿನಷ್ಟೇ. ಮುಂದಿನ ಎರಡು ತಿಂಗಳು ಅದನ್ನೇ ಹಾರಿಸು. ಬೆಲೆ ಹೆಚ್ಚೆಂದು ದೂರಬೇಡ. ಕೆಟ್ಟ ಚಾಳಿ ಬಿಡಿಸುವುದಕ್ಕೆ ತಗಲುವ ಕಾಡತೂಸು ಅದಕ್ಕಿಂತ ದುಬಾರಿ. ಒಂದು ಎಚ್ಚರವಿರಲಿ: ಗಿಡ್ಡ ಕೊಪ್ಪದ ಮುಂದೆ ಸಿಲಿಂಡರಿನ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ, ಅದನ್ನು ಬ್ರಷ್ ಹಾಕಿ ತಿಕ್ಕಿ ತೆಗೆಯದಿದ್ದರೆ ಆಮೇಲೆ ಮ್ಯಾಗ್ನಮ್ ಕಾಡತೂಸು ಪೂರ್ತಿ ಒಳಗೆ ಕೂಡುವುದಿಲ್ಲ.

ನಿನ್ನ ಇನ್ನೊಂದು ಫೋಟೊ ನೋಡಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಎಡಗೈಯ ಹೆಬ್ಬೆರಳನ್ನು ನೀನು ಚೌಕಟ್ಟಿನ ಮಗ್ಗುಲಿಗೆ ಮುಂದಕ್ಕೆ ಚಾಚಿರುವೆ. ಪಿಸ್ತೂಲಿನವರು ಹಾಗೆ ಹಿಡಿಯುತ್ತಾರೆ, ಯಾರೋ ನಿನಗೂ ಹಾಗೆಯೇ ತೋರಿಸಿರಬೇಕು. ರಿವಾಲ್ವರಿನಲ್ಲಿ ಅದು ತಪ್ಪು ಮಾತ್ರವಲ್ಲ, ಅಪಾಯ. ಸಿಲಿಂಡರಿಗೂ ನಳಿಗೆಗೂ ನಡುವೆ ಕಾಗದದ ಹಾಳೆಯಷ್ಟು ಸಂದು ಇರುತ್ತದೆ; ಪ್ರತಿ ಗುಂಡಿಗೂ ಅಲ್ಲಿಂದ ಕುದಿಯುವ ಅನಿಲ ಚೂರಿಯಂತೆ ಎರಡೂ ಮಗ್ಗುಲಿಗೆ ಹೊರಡುತ್ತದೆ, ಬೆರಳು ಅಡ್ಡ ಬಂದರೆ ಮಾಂಸವನ್ನೇ ಹರಿಯುತ್ತದೆ. ಇಂದೇ ಬದಲಾಯಿಸು: ಎಡ ಹೆಬ್ಬೆರಳು ಬಲ ಹೆಬ್ಬೆರಳಿನ ಮೇಲೆ ಕೆಳಮುಖವಾಗಿ ಮಲಗಿರಲಿ, ಎರಡೂ ಸಿಲಿಂಡರಿನ ಹಿಂದೆಯೇ ಇರಲಿ.

ಇನ್ನು ಹಿಡಿತ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಹಿಡಿಕೆಯ ಮೇಲೆ ಎಷ್ಟು ಎತ್ತರ ಹೋಗುವುದೋ ಅಷ್ಟು ಹೋಗಲಿ; ಕೈ ಕೆಳಗಿದ್ದಷ್ಟೂ ಮೂತಿ ಹೆಚ್ಚು ಎಗರುತ್ತದೆ. ಪ್ರತಿ ಗುಂಡಿಗೂ ಕುದುರೆಯನ್ನು, ಅಂದರೆ ಕಾಡತೂಸಿಗೆ ಬಡಿಯುವ ಸುತ್ತಿಗೆಯನ್ನು, ಕೈಯಿಂದ ಎಳೆದಿಡಬೇಕಾದ ಹಳೆಯ ಸಿಂಗಲ್ ಆಕ್ಷನ್ ರಿವಾಲ್ವರಿನ ಹಿಡಿಕೆಯನ್ನು ಅಮೆರಿಕನ್ನರು ನೇಗಿಲ ಹಿಡಿಕೆ ಎಂದೇ ಕರೆಯುತ್ತಾರೆ. ಅದು ಒದೆತಕ್ಕೆ ಅಂಗೈಯಲ್ಲಿ ಉರುಳಿ ಮೇಲೇಳುವಂತೆ ಮಾಡಿದ ಆಕಾರ. ನಿನ್ನದು ಡಬಲ್ ಆಕ್ಷನ್, ಟ್ರಿಗರಿನ ಎಳೆತವೇ ಕುದುರೆಯನ್ನೂ ಎಬ್ಬಿಸಬಲ್ಲದು; ಅದು ಅಂಗೈಯಲ್ಲಿ ಉರುಳಬಾರದು. ಆದರೂ ನಿನ್ನ ಅಜ್ಜ ಎರೆಹೊಲದಲ್ಲಿ ಮೇಳಿ ಹಿಡಿಯುತ್ತಿದ್ದ ರೀತಿಯನ್ನು ನೆನಪಿಸಿಕೋ. ನೇಗಿಲು ಕಲ್ಲಿಗೆ ತಾಗಿ ಎಗರಿದಾಗ ಅವರು ಅದರೊಡನೆ ಗುದ್ದಾಡುತ್ತಿರಲಿಲ್ಲ. ಮುಷ್ಟಿ ಗಟ್ಟಿ, ಮೊಣಕೈ ತುಸು ಸಡಿಲ, ಪೆಟ್ಟು ತೋಳಿನಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ ಇಳಿದು ಹೋಗುತ್ತಿತ್ತು. ನೀನೂ ಮೊಣಕೈ ಪೂರ್ತಿ ಬಿಗಿಯದೆ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ ನಿಲ್ಲು, ಒದೆತ ಬಂದಾಗ ಬರಲಿ ಬಿಡು. ಹಿಡಿತದ ಬಿಗಿ ಕೈ ನಡುಗುವುದಕ್ಕಿಂತ ಸ್ವಲ್ಪ ಕಡಿಮೆಯಿರಲಿ. ಅದಕ್ಕಿಂತ ಮುಖ್ಯ, ಮೊದಲ ಗುಂಡಿಗೆ ಇದ್ದ ಬಿಗಿಯೇ ಆರನೆಯದಕ್ಕೂ ಇರಲಿ. ಗುಂಡು ನಳಿಗೆಯಲ್ಲಿರುವಾಗಲೇ ರಿವಾಲ್ವರ್ ಕೂದಲೆಳೆಯಷ್ಟು ಏಳತೊಡಗಿರುತ್ತದೆ. ಹಿಡಿತ ಬದಲಾದರೆ ಆ ಏಳುವಿಕೆಯೂ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ತೂಕದ ಗುಂಡು, ನಿಧಾನದ ಗುಂಡು ಹತ್ತಿರದ ಗುರಿಯ ಮೇಲೆ ಎತ್ತರಕ್ಕೆ ಬೀಳುವುದೂ ಇದೇ ಕಾರಣದಿಂದ. ಆದ್ದರಿಂದ ಗುಂಡುಗಳು ಒಂದೆಡೆ ಗುಂಪು ಕೂಡುವವರೆಗೆ ಹಿಂದಿನ ಸೈಟಿನ ತಿರುಪಿಗೆ ಕೈ ಹಚ್ಚಬೇಡ.

ನಿಜವಾದ ಕಲಿಕೆ ಮನೆಯಲ್ಲಿ, ಖಾಲಿ ರಿವಾಲ್ವರಿನಲ್ಲಿ ಆಗುತ್ತದೆ. ಕಾಡತೂಸುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕು, ಸಿಲಿಂಡರಿನ ಆರೂ ಕೋಣೆಗಳನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟು, ಆಚೆ ಯಾರೂ ಇರದ ಗಟ್ಟಿ ಗೋಡೆಯ ಕಡೆಗೆ ಮುಖ ಮಾಡು. ಮುಂದಿನ ಸೈಟಿನ ಹತ್ತಿರ, ನಳಿಗೆಯ ಮೇಲೆ ಒಂದು ನಾಣ್ಯ ಇಡಿಸಿಕೊಂಡು, ಅದು ಬೀಳದಂತೆ ಟ್ರಿಗರ್ ಎಳೆ. ಮೊದಲು ಕುದುರೆಯನ್ನು ಎಳೆದಿಟ್ಟು ಸಿಂಗಲ್ ಆಕ್ಷನ್‌ನಲ್ಲಿ, ಆಮೇಲೆ ಡಬಲ್ ಆಕ್ಷನ್‌ನಲ್ಲಿ. ಡಬಲ್ ಆಕ್ಷನ್‌ನ ಭಾರವಾದ ಉದ್ದ ಎಳೆತವನ್ನು ಹಲವರು ದೂರುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಒಳ್ಳೆಯ ಗುರುವಿಲ್ಲ: ಯಾವ ಕ್ಷಣಕ್ಕೆ ಕುದುರೆ ಬೀಳುವುದೆಂದು ಕೈಗೆ ಮೊದಲೇ ತಿಳಿಯದಿದ್ದರೆ ಅದು ಬೆಚ್ಚುವುದಾದರೂ ಯಾವಾಗ? ಕಣ್ಣು ಸದಾ ಮುಂದಿನ ಸೈಟಿನ ಮೇಲಿರಲಿ, ಗುರಿ ಮಸುಕಾಗಿ ಕಂಡರೆ ಕಾಣಲಿ. ಅರ್ಧ ಉಸಿರು ಬಿಟ್ಟು ನಿಲ್ಲಿಸು. ಏಳೆಂಟು ಸೆಕೆಂಡಿನಲ್ಲಿ ಗುಂಡು ಹಾರದಿದ್ದರೆ ಕೈ ಇಳಿಸಿ ಮತ್ತೆ ಶುರು ಮಾಡು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನವೂ ಬೇಕು.

ಬೆಚ್ಚುವ ಕೈಗೆ ಒದೆತಕ್ಕಿಂತ ಸದ್ದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. .44 ಮ್ಯಾಗ್ನಮ್ ಸದ್ದು 160 ಡೆಸಿಬಲ್‌ನ ಆಸುಪಾಸಿನದು. ಕಿವಿಯೊಳಗೆ ಸ್ಪಂಜಿನ ಬಿರಡೆ, ಅದರ ಮೇಲೆ ಕಿವಿ ಮುಚ್ಚುವ ಮಫ್, ಎರಡೂ ಬೇಕು, ಸೂರಿನಡಿಯ ರೇಂಜಿನಲ್ಲಂತೂ ತಪ್ಪದೆ ಬೇಕು. ನಮ್ಮ ಕಾಲದಲ್ಲಿ ಹತ್ತಿ ತುರುಕಿಕೊಂಡು ರೈಫಲ್ ಹೊಡೆದೆವು. ಇಂದು ನಿನ್ನ ಕಾಕು ಅಡುಗೆಮನೆಯಿಂದ ಕೂಗಿದ್ದು ನನಗೆ ಕೇಳಿಸುವುದಿಲ್ಲ, ಮೊಮ್ಮಕ್ಕಳ ಮಾತು ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಕನ್ನಡಕವನ್ನೂ ಮರೆಯಬೇಡ.

ಮ್ಯಾಗ್ನಮ್‌ಗೆ ಮರಳುವ ದಿನ ಬಂದಾಗ ಏಳು ಗಜದಿಂದ ಶುರು ಮಾಡು, ಸಿಲಿಂಡರಿನಲ್ಲಿ ಒಂದೇ ಒಂದು ಕಾಡತೂಸು ಇಡು. ಇದಕ್ಕೆ ಕಾರಣವಿದೆ. ಒದೆತದಲ್ಲಿ ಹಿಡಿತ ಜಾರಿದಾಗ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ, ಬೆರಳು ಟ್ರಿಗರನ್ನು ಇನ್ನೊಮ್ಮೆ ಎಳೆದುಬಿಡುತ್ತದೆ. ಆ ಎರಡನೆಯ ಗುಂಡು ಹಾರುವಾಗ ಮೂತಿ ಆಕಾಶಕ್ಕೋ ಹೊಡೆಯುವವನ ತಲೆಯ ಕಡೆಗೋ ಇರಬಹುದು. ಒಂದೇ ಕಾಡತೂಸಿದ್ದರೆ ಆ ಭಯವಿಲ್ಲ. ಇದೇ ಕಾರಣಕ್ಕೆ, ನೋಡಲು ಬಂದ ಗೆಳೆಯರ ಕೈಗೆ, ಸೊಸೆಯ ಕೈಗೆ, ಒಮ್ಮೆ ಹೊಡೆದು ನೋಡಿ ಎಂದು ತುಂಬಿದ ಮ್ಯಾಗ್ನಮನ್ನು ಎಂದೂ ಕೊಡಬೇಡ; ಅದು ಆತಿಥ್ಯವಲ್ಲ. ಒಂದು ದಿನಕ್ಕೆ ಇಪ್ಪತ್ತು ಮ್ಯಾಗ್ನಮ್ ಮೀರಬೇಡ. ಮಣಿಕಟ್ಟು ನೋಯತೊಡಗಿದ ಮೇಲೆ ಹೊಡೆದ ಪ್ರತಿ ಗುಂಡೂ ಬೆಚ್ಚುವುದನ್ನೇ ಕಲಿಸುತ್ತದೆ, ಆದ್ದರಿಂದ ಕೊನೆಯ ಆರು ಯಾವಾಗಲೂ ಸ್ಪೆಷಲ್ ಆಗಿರಲಿ. ಆರೂ ಕೋಣೆ ತುಂಬಿ ಹೊಡೆಯುವ ಹಂತಕ್ಕೆ ಬಂದಾಗ, ನಾಲ್ಕೈದು ಹಾರಿದ ಮೇಲೆ ಉಳಿದ ಕಾಡತೂಸಿನ ಗುಂಡು ಒದೆತದ ಜಗ್ಗಿಗೆ ಕೊಪ್ಪದಿಂದ ಮುಂದಕ್ಕೆ ಸರಿದಿದೆಯೇ ಎಂದು ನೋಡುತ್ತಿರು. ಸರಿದರೆ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಮೇಜಿನ ಮೇಲೆ ಆನಿಸಿ ಹೊಡೆಯುವಾಗ ಮರಳಿನ ಚೀಲದ ಮೇಲೆ ಕೈಗಳನ್ನು ಇಡು, ನಳಿಗೆಯನ್ನಲ್ಲ. ಗಟ್ಟಿ ವಸ್ತುವಿಗೆ ನಳಿಗೆ ತಾಗಿದರೆ ರಿವಾಲ್ವರ್ ಪುಟಿದು ಗುಂಡು ಎಲ್ಲೋ ಹೋಗುತ್ತದೆ.

ಮುಂದಿನ ಭಾನುವಾರ ಏಳು ಗಜದಿಂದ, .44 ಸ್ಪೆಷಲ್‌ನಲ್ಲಿ, ಹನ್ನೆರಡು ಗುಂಡು ಹೊಡೆದ ಹಾಳೆಯ ಫೋಟೊ ಕಳಿಸು. ಅದರ ಮೂಲೆಯಲ್ಲಿ, ಎಷ್ಟು ಸಲ 'ಟಕ್' ಎಂದಿತು, ಅದರಲ್ಲಿ ಎಷ್ಟು ಸಲ ಮೂತಿ ಕುಕ್ಕಿತು ಎಂಬುದನ್ನು ಪೆನ್ಸಿಲಿನಿಂದ ಇದ್ದದ್ದು ಇದ್ದಂತೆ ಬರೆದಿರು. ನನಗೆ ತೂತುಗಳಿಗಿಂತ ಆ ಲೆಕ್ಕ ಹೆಚ್ಚು ಬೇಕು. ಎಡ ಹೆಬ್ಬೆರಳು ಎಲ್ಲಿದೆಯೆಂದು ಕಾಣುವಂತೆ ಹಿಡಿತದ ಒಂದು ಫೋಟೊವನ್ನೂ ತೆಗೆಸು.

ಇಂತಿ ನಿನ್ನ ಹಿತವನ್ನೇ ಬಯಸುವ,
ದೊಡ್ಡ ಕಾಕಾ